ನೀರು ಕುಡಿದ ಮೇಲಿನ ಅಂಕೆ

ಎತ್ತು ಏರಿಗೆಳೆದರೆ ಡಾಕ್ಟರು ನೀರಿಗೆಳೆದರು ಎಂಬ ಗಾದೆ ಹುಮನಾಬಾದ–ಬಸವಕಲ್ಯಾಣದ ದಾರಿಯಲ್ಲಲ್ಲದೆ ಬೇರೆಲ್ಲೂ ಇಲ್ಲ. ಹಳೆ ಗಾದೆಯ ಕೋಣನನ್ನು ಬಿಡಿಸಿ ಆ ಗೂಟಕ್ಕೆ ಡಾಕ್ಟರನ್ನು ಕಟ್ಟಿದ್ದಕ್ಕೆ ಕಾರಣವಿದೆ. ಅದು ನಡೆದ ಕಥೆ, ಸಾಕ್ಷಿಗೆ ಎತ್ತೂ ಇತ್ತು.

ಬಿಸಿಲು ದನದ ಮೈಯನ್ನಷ್ಟೇ ಅಲ್ಲ, ರಕ್ತವನ್ನೂ ಬಾಡಿಸುತ್ತದೆಂದು ಈ ಭಾಗದ ರೈತರಿಗೆ ಅಂಕೆಸಹಿತ ತೋರಿಸಿಕೊಟ್ಟವರು, ಈಗ ನಿವೃತ್ತರಾಗುತ್ತಿರುವ ಪಶುವೈದ್ಯ ಡಾ. ಮಹಾರುದ್ರಪ್ಪನವರು. 1957ರಲ್ಲಿ ಸೇವೆಗೆ ಸೇರಿದಾಗ ಅವರ ಆಸ್ತಿ ಒಂದು ಸೈಕಲ್ಲು, ಒಂದು ಛತ್ರಿ. ಕೊಡಂಬಲದಲ್ಲಿ ಬಿಸಿಲು ಬಡಿದು ಬಿದ್ದ ಆಕಳಿಗೆ ಆ ಛತ್ರಿ ಹಿಡಿದು, ಹೊತ್ತಿಳಿಯುವತನಕ ತಾವು ಬಿಸಿಲಲ್ಲೇ ನಿಂತರೆಂದು ಆಕಳ ಒಡತಿ ದ್ರೌಪತಿ ಇಂದಿಗೂ ಹೇಳುತ್ತಾಳೆ.

1966ರ ಬೇಸಿಗೆಯಲ್ಲಿ ಅವರು ಹುಮನಾಬಾದ, ಬಸವಕಲ್ಯಾಣ ಎರಡೂ ಊರುಗಳ ದನಗಳ ರಕ್ತ ಪರೀಕ್ಷಿಸಿದರು. ಹುಮನಾಬಾದಿನದು ಸಂತೆಯಲ್ಲಿ, ಚಿಟಗುಪ್ಪ, ನಿರ್ಣಾ ಕಡೆಯಿಂದ ನಡೆದು ಬಂದ ದನಗಳಿಂದ, ಬಸವಕಲ್ಯಾಣದ್ದು ಮನೆಬಾಗಿಲಲ್ಲಿ. ಹುಮನಾಬಾದಿನ ರಕ್ತ ಗಟ್ಟಿ, ಬಸವಕಲ್ಯಾಣದ್ದು ತೆಳುವು ಎಂದು ವರದಿ ಸಿದ್ಧವಾಯಿತು. ಮರುದಿನದ ಬಸ್ಸಿಗೆ ಅದು ಬೀದರಿನ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು.

ಕಂಪೌಂಡರ್ ಅಂಬಾದಾಸ ಬಸವಕಲ್ಯಾಣದವನು. ಕಾಗದದ ಮೇಲೆ ಒಮ್ಮೆ ‘ರಕ್ತಹೀನ’ ಎಂದು ಬಿದ್ದರೆ ತಮ್ಮೂರ ಎತ್ತನ್ನು ಮೂಸುವವರಿರುವುದಿಲ್ಲವೆಂದು ಅವನಿಗೆ ಸಂಕಟ. ಬಾಯಾರಿದ ಎತ್ತನ್ನು ಡಾಕ್ಟರ ಮುಂದೆ ನಿಲ್ಲಿಸುವುದು ಅಲ್ಲಿಯವರಿಗೆ ಮರ್ಯಾದೆಗೇಡು. ಹೊಟ್ಟೆತುಂಬ ನೀರು ಕುಡಿಸಿಯೇ ತರುತ್ತಾರೆಂದು ಅವನು ಬಲ್ಲ. ಸಾಹೇಬರಿಗೆ ಎದುರುತ್ತರ ಕೊಡುವ ಧೈರ್ಯ ಅವನಿಗಿರಲಿಲ್ಲ. ಕೀಟಲೆಯ ಧೈರ್ಯಕ್ಕೆ ಮಾತ್ರ ಬರವಿರಲಿಲ್ಲ.

ಲಾಲಪ್ಪನೆಂಬ ರೈತನ ಎತ್ತು ಹೊಲದಲ್ಲಿ ಗಳೆ ಹೊಡೆದು ಮಧ್ಯಾಹ್ನ ನೀರಡಿಸಿ ಬಂದಾಗ ಒಮ್ಮೆ, ನೀರು ಕುಡಿದು ಮಲಗಿ ಎರಡು ತಾಸು ಕಳೆದ ಮೇಲೆ ಇನ್ನೊಮ್ಮೆ ಅಂಬಾದಾಸ ರಕ್ತ ತೆಗೆದ. ಮೊದಲ ಸೀಸೆಗೆ ಹುಮನಾಬಾದ, ಎರಡನೆಯದಕ್ಕೆ ಬಸವಕಲ್ಯಾಣ ಎಂದು ಚೀಟಿ ಅಂಟಿಸಿ, ಲೆಕ್ಕದಲ್ಲಿ ಬಿಟ್ಟುಹೋದವೆಂದು ಸಾಹೇಬರ ಮುಂದಿಟ್ಟ.

ಡಾಕ್ಟರು ಗಾಜಿನ ನಳಿಗೆಗಳನ್ನು ಬೆಳಕಿಗೆ ಹಿಡಿದು ಬಣ್ಣ ಹೋಲಿಸಿದರು. “ನೋಡೋ ಅಂಬಾದಾಸ, ಹುಮನಾಬಾದಿನ ರಕ್ತ ಅಂದ್ರ ಇದು. ಇದರ ಮುಂದ ನಿಮ್ಮೂರಿಂದು ತಿಳಿಸಾರು.”

ಅಂಬಾದಾಸ, ಮಾತಿಗೆ ಮುಂಚೆ ಡಾಕ್ಟರು ಕೆಮ್ಮುವಂತೆಯೇ ಎರಡು ಸಲ ಕೆಮ್ಮಿ, ಅವರದೇ ದನಿಯಲ್ಲಿ ಹೇಳಿದ: “ಎರಡೂ ಒಂದ ಎತ್ತಿಂದು ರೀ ಸಾಹೇಬ್ರ. ನಡುವ ಎರಡು ಬಕೀಟು ನೀರು, ಅಷ್ಟ.”

ಜವಾನ ಬದ್ರುದ್ದೀನ್ ಮೆಲ್ಲಗೆ ಹೊರಗೆ ಜಾರಿಕೊಂಡ. ಅಂಬಾದಾಸನಿಗೆ ತನ್ನ ನೌಕರಿ ಹೋದದ್ದೇ ಕಣ್ಣ ಮುಂದೆ ಬಂತು. ಡಾಕ್ಟರು ಎತ್ತು ನೀರು ಕುಡಿದ ಹೊತ್ತನ್ನಷ್ಟೇ ಕೇಳಿ ಬರೆದುಕೊಂಡರು. ಮೇಜಿನ ಮೇಲಿನ ವರದಿಯ ಲಕೋಟೆ ತೆಗೆದು ಎರಡು ತುಂಡು ಮಾಡಿದರು. “ನಾಳಿ ಬಸ್ಸಿಗೆ ನನ್ನ ತಪ್ಪು ಹೋಗತಿತ್ತಲ್ಲೋ,” ಎಂದರು.

ಮತ್ತೆರಡು ಬೇಸಿಗೆ, ದನಗಳನ್ನು ಒಂದೇ ಹೊತ್ತಿಗೆ ನೀರಿಗೆಳೆದು, ಒಂದೇ ರೀತಿ ಕುಡಿಸಿ ಪರೀಕ್ಷೆ ನಡೆಯಿತು. ಗಾದೆ ಹುಟ್ಟಿದ್ದು ಆಗಲೇ. ಊರೂರಿನ ನಡುವಿನ ಅಂತರ ಕರಗಿತು. ಉಳಿದದ್ದು ಬೇವಿನ ನೆರಳಲ್ಲಿ ಕಟ್ಟಿದ ದನಕ್ಕೂ ಬಯಲ ಹಾಸುಗಲ್ಲ ಮೇಲೆ ದಿನವಿಡೀ ನಿಂತ ದನಕ್ಕೂ ಇರುವ ಅಂತರ. ಬಿಸಿಲಲ್ಲಿ ನಿಂತದ್ದರ ರಕ್ತ ನಿಜಕ್ಕೂ ತೆಳುವು. ಅಂದಿನಿಂದ ಅವರು ಬರೆದ ಮೊದಲ ಔಷಧಿ ಚಪ್ಪರ. ಹೊಸ ವರದಿಯಲ್ಲಿ ತಪ್ಪು ಹಿಡಿದವನೆಂದು ಅಂಬಾದಾಸನ ಹೆಸರನ್ನೂ ಬರೆದರು.

ಡಾಕ್ಟರು ನೂರು ಬೇಸಿಗೆ ಕಾಣಲಿ, ಅಷ್ಟೂ ಬೇಸಿಗೆ ನಮ್ಮ ದನಗಳ ತಲೆಯ ಮೇಲೆ ಅವರ ಛತ್ರಿ ಇರಲಿ. ಮೊನ್ನೆ ಬೀಳ್ಕೊಡುಗೆಯಲ್ಲಿ ಅಂಬಾದಾಸ ಹೊಗಳಲು ಎದ್ದು ನಿಂತು ಕೆಮ್ಮಿದ್ದೇ ತಡ, ಡಾಕ್ಟರು ಕೈ ಎತ್ತಿ ತಡೆದರು.

“ನಿಲ್ಲೋ, ಮೊದಲ ಒಂದು ಗ್ಲಾಸ್ ನೀರು ಕೊಡು. ನೀರಡಿಸಿದಾಗ ಹೊಗಳಿದ್ರ ಅಂಕಿ ಹೆಚ್ಚ ಬರತದ.”

ಸಭೆಯೆಲ್ಲ ನಕ್ಕಿತು; ಎಲ್ಲರ ನಗು ಮುಗಿದ ಮೇಲೂ ಕೇಳುತ್ತಿದ್ದದ್ದು ಡಾಕ್ಟರದೇ.