ಬುಧವಾರದ ಅತಿಥಿಗಳು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪರದೇಶದ ಪ್ರವಾಸಿಗರಿಗೆ ಮುಂಬಯಿ ತೋರಿಸುವ ಗೈಡ್ ಆಗಿದ್ದೆ. ಫೋರ್ಟಿನ ಒಂದು ಟ್ರಾವೆಲ್ ಕಂಪನಿ ಕರೆದ ದಿನ ಹೋಗಬೇಕು. ದಿನಗೂಲಿಯ ಜೊತೆಗೆ ಪ್ರವಾಸಿಗರು ಕೊಡುವ ಟಿಪ್ಸು. ಗ್ರಾಂಟ್ ರೋಡಿನ ಚಾಳಿನಲ್ಲಿ ಅವ್ವ ಮತ್ತು ನಾನು ಒಂದೇ ಕೋಣೆಯ ಖೋಲಿಯಲ್ಲಿದ್ದೆವು. ರೇಷ್ಮೆ ಸೀರೆ ಉಟ್ಟು ಹೊರಟರೆ ನಲ್ಲಿಯ ಮುಂದೆ ಸಾಲು ನಿಂತ ಹೆಂಗಸರು ಕೊಡ ಸರಿಸಿ ದಾರಿ ಬಿಡುತ್ತಿದ್ದರು. ಅಲ್ಲಿಂದ ಸಮುದ್ರದಂಡೆಯ ದೊಡ್ಡ ಹೋಟೆಲಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ಒಮ್ಮೆ ವಯಸ್ಸಾದ ಗಂಡಹೆಂಡತಿ ಬಂದಿದ್ದರು. ಗುಹೆ, ಮ್ಯೂಸಿಯಂ ಎಲ್ಲ ಮುಗಿದ ಮೇಲೆ, ಇಲ್ಲಿನ ಸಾಮಾನ್ಯ ಜನರ ಮನೆಯೊಂದನ್ನು ನೋಡಬೇಕೆಂದರು. ನಮ್ಮ ಖೋಲಿಗೆ ಕರೆದೊಯ್ಯಲು ನನಗೆ ನಾಚಿಕೆಯಾಯಿತು. ಪಕ್ಕದ ಖೋಲಿಗೆ ಕರೆದೊಯ್ದೆ.

ಅಲ್ಲಿದ್ದವರು ವಿಜಾಪುರದ ಕಡೆಯವರು. ಗಂಡ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಹೆಂಡತಿಯನ್ನು ನಾನು ಚಾಚಿ ಎನ್ನುತ್ತಿದ್ದೆ. ಗಂಡನ ಜೊತೆ ದಖನಿ, ನಮ್ಮ ಜೊತೆ ಕನ್ನಡ. ಇಬ್ಬರು ಹೆಣ್ಣುಮಕ್ಕಳು. ನಾವು ಹೋದಾಗ ಚಾಚಿ ಇದ್ದಿಲ ಶೇಗಡಿಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ರೊಟ್ಟಿ ಬಡಿಯೋದರಾಗ ನೋಡೋದೇನೈತಿ ತಂಗಿ? ಅವರ ದೇಶದಾಗ ರೊಟ್ಟಿ ಮಾಡೂದಿಲ್ಲೇನು?"

"ಇಲ್ಲ ಚಾಚಿ, ಅಂಗಡಿಯ ಬ್ರೆಡ್ ತಿಂತಾರ."

"ಯಾ ಅಲ್ಲಾ! ಹಂಗಾರ ಹಸದಿರಬೇಕು, ಕೂಡಸು."

ಕೂಡಿಸಿದೆ. ಅವರು ಚಾಪೆಯ ಮೇಲೆ ಕಷ್ಟಪಟ್ಟು ಕಾಲು ಮಡಚಿ ಕೂತು, ಶೇಂಗಾ ಚಟ್ನಿ ಹಚ್ಚಿಕೊಂಡು ಎರಡೆರಡು ರೊಟ್ಟಿ ತಿಂದರು. ಕೆಂಡದ ಬೆಳಕಿನಲ್ಲಿ ಚಾಚಿಯ ಕೈಗಳ ಫೋಟೋ ತೆಗೆದರು. ಹೋಗುವಾಗ ಚಿಕ್ಕ ಮಗಳ ಕೈಯಲ್ಲಿ ನೋಟು ಇಟ್ಟರು. ಚಾಚಿ ಮೊದಲು ಬೇಡವೆಂದಳು, ಆಮೇಲೆ ಮಗಳಿಗೆ ಇಟ್ಟುಕೊಳ್ಳಲು ಬಿಟ್ಟಳು.

ಆ ದಂಪತಿ ಕಂಪನಿಗೆ ಹೊಗಳಿ ಪತ್ರ ಬರೆದರು. ನಮ್ಮ ಮ್ಯಾನೇಜರ್ ಮಂಗಳೂರಿನ ಕಡೆಯವರು, ಚುರುಕಿನ ಮನುಷ್ಯ. ಪ್ರತಿ ಬುಧವಾರ 'ಭಾರತೀಯ ಮನೆಯ ಭೇಟಿ' ಎಂದು ಶುರು ಮಾಡಿಯೇ ಬಿಟ್ಟರು. ಆರೆಂಟು ಜನ ಬರುತ್ತಿದ್ದರು. ಚಾಚಿಗೆ ಕೊಡಬೇಕಾದ ಲಕೋಟೆಯನ್ನು ನಾನೇ ಒಯ್ಯುತ್ತಿದ್ದೆ. ಅತಿಥಿಗಳಿಂದ ಎಷ್ಟು ತೆಗೆದುಕೊಳ್ಳುತ್ತಾರೆಂದು ಕಂಪನಿಯ ಹಾಳೆಯಲ್ಲಿ ಅಚ್ಚಾಗಿತ್ತು. ನಾನು ಓದಿದ್ದೆ. ಚಾಚಿಗೆ ಹೇಳಲಿಲ್ಲ. ಕೇಳಿದರೆ ಹೇಳೋಣ ಅಂದುಕೊಂಡಿದ್ದೆ.

ಆರು ತಿಂಗಳಲ್ಲಿ ಆ ಖೋಲಿಗೆ ಸ್ಟೀಲಿನ ಪಾತ್ರೆ ಬಂದವು, ದೊಡ್ಡ ಮಗಳಿಗೆ ಶಾಲೆಯ ಬೂಟು ಬಂತು. ಎದುರಿನ ಖೋಲಿಯ ಕೊಂಕಣದ ಹೆಂಗಸು ಅದುವರೆಗೆ ಚಾಚಿಯ ಜೊತೆ ಸಕ್ಕರೆ, ಚಹಾಪುಡಿ ಕೈಬದಲು ಮಾಡಿಕೊಳ್ಳುತ್ತಿದ್ದವಳು ಅದನ್ನು ನಿಲ್ಲಿಸಿದಳು. ಒಂದು ದಿನ ನಲ್ಲಿಯ ಹತ್ತಿರ ನನ್ನನ್ನೇ ನಿಲ್ಲಿಸಿ, "ಆಮ್ಹೀ ಪಣ್ ಭಾಕ್ರಿ ಕರ್ತೋ" ಅಂದಳು. ನಾವೂ ರೊಟ್ಟಿ ಮಾಡುತ್ತೇವೆ, ನಮ್ಮ ಮನೆಗೇಕೆ ಯಾರೂ ಬರುವುದಿಲ್ಲ ಎಂಬುದು ಅವಳ ಪ್ರಶ್ನೆ. ನನ್ನ ಪರಿಚಯ ಚಾಚಿಯ ಜೊತೆ ಹೆಚ್ಚಿತ್ತು, ಅಷ್ಟೇ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಚಾಚಿ ಗ್ಯಾಸ್ ತೆಗೆದುಕೊಂಡಳು. ಆ ಬುಧವಾರ ಬಂದವರು ಒಲೆಯನ್ನು ನೋಡಿ ಕ್ಯಾಮೆರಾ ಚೀಲದಲ್ಲಿಟ್ಟರು. ದೂರು ಮ್ಯಾನೇಜರ್ ತನಕ ಹೋಯಿತು.

"ಗ್ಯಾಸ್ ತೋರಿಸ್ಲಿಕ್ಕೆ ನಾವು ಅವರನ್ನು ಅಲ್ಲಿಗೆ ಕರ್ಕೊಂಡು ಹೋಗುದಾ? ಅದು ಅವರ ಮನೆಯಲ್ಲೇ ಉಂಟಲ್ಲ" ಅಂದರು. "ಬುಧವಾರ ಒಂದು ದಿನ ಹಳೇ ಶೇಗಡಿ ಹಚ್ಚಲಿಕ್ಕೆ ಹೇಳಿ."

ಆ ಸಂಜೆಯೇ ಹೋಗಿ ಹೇಳಿದೆ. ಚಾಚಿ ಹಿಟ್ಟು ನಾದುತ್ತಿದ್ದಳು.

"ಆ ಹೊಗಿಗೆ ಸಣ್ಣಾಕಿ ಕೆಮ್ಮಿ ಕೆಮ್ಮಿ ಸಾಯ್ತಿದ್ಲು. ಅದಕ್ಕ ಗ್ಯಾಸ್ ತಂದೇನಿ" ಅಂದಳು. ನಾದುತ್ತಲೇ, "ಒಬ್ಬೊಬ್ಬರ ಕಡಿಂದ ನಿಮ್ಮ ಕಂಪನಿ ಎಷ್ಟ ತಗೋತೈತಿ?" ಎಂದು ಕೇಳಿದಳು.

ಹೇಳಿದೆ. ಒಬ್ಬ ಅತಿಥಿಯದು ಅವಳ ಗಂಡ ಹದಿನೈದು ದಿನ ಹತ್ತಿ ಹಿಂಜಿದರೆ ಸಿಗುವಷ್ಟು ದುಡ್ಡು.

"ನಿನಗ ಮೊದಲಿಂದ ಗೊತ್ತಿತ್ತೇನು?"

"ಗೊತ್ತಿತ್ತು."

ಅವಳು ಸಿಟ್ಟಾಗುತ್ತಾಳೆಂದು ಕಾದೆ. ಆಗಲಿಲ್ಲ. ಹಿಟ್ಟಿನ ಉಂಡೆಯನ್ನು ಮರದ ಕೊಣಮಿಗೆಯಲ್ಲಿ ತಿರುವಿ ತಿರುವಿ ನಾದಿದಳು. "ರೊಟ್ಟಿ ನೋಡಾಕ ಬರ್ತಾರಂದ್ರ ಬರಲಿ. ಹೊಗಿ ನೋಡಾಕ ಬರೂದಾದ್ರ ಬ್ಯಾಡಂತ ಹೇಳು" ಅಂದಳು.

ಮರುದಿನ ಆಫೀಸಿನಲ್ಲಿ, ಆಕೆ ಒಪ್ಪಲಿಲ್ಲ ಎಂದಷ್ಟೇ ತಿಳಿಸಿದೆ. ಬೇರೆ ಮನೆ ಹುಡುಕಿ ಎಂದರು ಮ್ಯಾನೇಜರ್. ಆ ಕೆಲಸ ಮಾಡುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ವಾರದೊಳಗೆ ಹುಡುಕಿದೆ.

ವಿಲೆ ಪಾರ್ಲೆಯಲ್ಲಿ ವಿಮಾನ ನಿಲ್ದಾಣದ ಗೋಡೆಗೆ ಹತ್ತಿದ ಜೋಪಡಿ, ಮೂರು ಕಲ್ಲಿನ ಒಲೆ. ಕಲಬುರ್ಗಿ ಕಡೆಯ ಕೂಲಿಯವರು. ಆ ಮನೆಯ ಹೆಂಗಸು ಹತ್ತಿರದಲ್ಲೇ ಏಳುತ್ತಿದ್ದ ಹೊಸ ಹೋಟೆಲಿಗೆ ಇಟ್ಟಂಗಿ ಹೊರುತ್ತಿದ್ದಳು. ಬುಧವಾರ ಅರ್ಧ ದಿನದ ಕೂಲಿ ಹೋಗುತ್ತದೆ ಎಂದು ಮೊದಲೇ ಹೇಳಿದಳು. ಈ ಸಲ ನಾನು ಮ್ಯಾನೇಜರ್ ಮುಂದೆ ಕೂತು, ಚಾಚಿಗೆ ಕೊಡುತ್ತಿದ್ದುದರ ಎರಡರಷ್ಟು ಇವರಿಗೆ ಕೊಡಬೇಕೆಂದೆ. ಅವರು ಫೈಲಿನಿಂದ ತಲೆಯೆತ್ತದೆ "ಆಯ್ತು, ಕೊಡುವ" ಅಂದರು. ಅಷ್ಟು ಬೇಗ ಒಪ್ಪಿದ್ದನ್ನು ನೋಡಿದಾಗಲೇ, ಹಿಂದೆಯೂ ಕೇಳಿದ್ದರೆ ಸಿಗುತ್ತಿತ್ತೆಂದು ನನಗೆ ತಿಳಿದದ್ದು.

ಚಾಚಿ ಗ್ಯಾಸ್ ಬಿಡಲಿಲ್ಲ. ಫೋರ್ಟಿನ ಒಂದು ಖಾನಾವಳಿಗೆ ದಿನಾ ರೊಟ್ಟಿ ಮಾಡಿ ಕಳಿಸತೊಡಗಿದಳು. ಕೆಲಸ ಹೆಚ್ಚಾದಾಗ ಎದುರಿನ ಖೋಲಿಯವಳನ್ನೂ ಕರೆದು ಕೂಡಿಸಿಕೊಂಡಳು. ನನ್ನ ಜೊತೆ ಎಂದಿನಂತೆಯೇ ಮಾತಾಡುತ್ತಿದ್ದಳು, ಆದರೆ ಕಂಪನಿಯ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಅದೇ ಆಫೀಸಿನಲ್ಲಿ ಕಾಯಂ ನೌಕರಿಯಾಯಿತು. ಅವ್ವನನ್ನು ಕರೆದುಕೊಂಡು ಪಾರ್ಲೆಯ ಎರಡು ಖೋಲಿಯ ಮನೆಗೆ ಹೋದೆ. ಚಾಳಿನಿಂದ ಸಾಮಾನು ಸಾಗಿಸುವ ದಿನ ಚಾಚಿ ಬಂದು ಅವ್ವನ ಕೈ ಹಿಡಿದು ಅತ್ತಳು. ನನಗೆ, "ಛಲೋ ಆತು ತಂಗಿ, ಅವ್ವಗ ನಳಾ ಮನ್ಯಾಗ ಬಂತು" ಅಂದಳು. ಅದರಲ್ಲಿ ಕೊಂಕು ಇರಲಿಲ್ಲ. ನಾನು ಅವಳ ಮುಖವನ್ನು ಗಮನವಿಟ್ಟು ನೋಡಿದ್ದೆ.