ಹಲ್ಲುಕಡ್ಡಿಗೆ ಚುಚ್ಚಿದ ಮೀನು

ಸ್ಯಾನ್ ಸೆಬಾಸ್ಟಿಯನ್ನಿನಲ್ಲಿ ನಮಗೆ ಸಿಕ್ಕಿದ್ದು ಒಂದೇ ಒಂದು ಇಡೀ ದಿನ. ಆ ದಿನ ಬೆಳಗ್ಗೆ, ಮಧ್ಯಾಹ್ನದ ಬಿಸಿಬೇಳೆಬಾತಿಗೆ ನಾನು ಬರುವುದಿಲ್ಲ ಎಂದೆ.

ಮೆಡೋವೇಲ್‌ನ ಮೂರು ಕನ್ನಡ ಕುಟುಂಬಗಳು ಸೇರಿ ಕೆನಡಾದಿಂದ ಸ್ಪೇನಿಗೆ ಹೊರಟಿದ್ದೆವು. ಗುಂಪಿನ ಹಿರಿಯರು ಮೈಸೂರಿನವರು; ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಅಕ್ಕನ ಸೂಟ್‌ಕೇಸಿನಲ್ಲಿ ಕುಕ್ಕರ್, ಅಕ್ಕಿ, ಬೇಳೆ, ಪುಳಿಯೋಗರೆ ಗೊಜ್ಜು, ಮನೆಯಲ್ಲೇ ಕುಟ್ಟಿದ ಸಾರಿನ ಪುಡಿ ಎಲ್ಲ ಇದ್ದವು. ಪ್ರತಿ ಊರಿನಲ್ಲೂ ಅಡುಗೆಮನೆ ಇರುವ ಫ್ಲಾಟನ್ನೇ ಹುಡುಕಿ ಹಿಡಿದಿದ್ದರು. ಹಿಂದಿನ ದಿನವೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಪಟ್ಟಿ ಬಂದಿತ್ತು: ಬೆಳಗ್ಗೆ ಬೀಚ್, ಮಧ್ಯಾಹ್ನ ಫ್ಲಾಟಿನಲ್ಲಿ ಊಟ, ಸ್ವಲ್ಪ ನಿದ್ದೆ, ಸಂಜೆ ಬೆಟ್ಟ. ಎಲ್ಲರೂ ಹೆಬ್ಬೆರಳು ಒತ್ತಿದ್ದರು. ನಾನೂ ಒತ್ತಿದ್ದೆ.

"ಬರಲ್ವಾ? ಯಾಕೆ, ಮೈ ಹುಷಾರಿಲ್ವಾ?" ಎಂದರು ಅಕ್ಕ. ಕೈಯಲ್ಲಿ ಬೀನ್ಸ್ ಇತ್ತು.

"ಹುಷಾರಾಗಿದ್ದೀನಿ ಅಕ್ಕ. ಹೊರಗೆ ತಿಂತೀನಿ."

"ಹೊರಗೆ ಏನು ಸಿಗತ್ತೆ ಇಲ್ಲಿ? ಬರೀ ಮೀನು."

"ಅದಕ್ಕೇ," ಎಂದೆ.

ಬೀನ್ಸ್ ಮುರಿಯುವ ಸದ್ದು ನಿಂತಿತು. ನನ್ನ ಗಂಡ ಫೋನಿನಿಂದ ತಲೆ ಎತ್ತಿ ನನ್ನನ್ನು ನೋಡಿದ. ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದುಬಿಟ್ಟೆ. ಮೂರನೆಯ ಮಹಡಿಯಿಂದ ಬೀದಿಗೆ ಬರುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ನಲವತ್ತಾರು ವರ್ಷದ ಹೆಂಗಸು, ಹೊಟ್ಟೆಗೆ ಏನು ತಿನ್ನುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ.

ನಾನು ಹುಟ್ಟಿದ್ದು ಮಲ್ಪೆಯ ಹತ್ತಿರ. ಅಪ್ಪ ಬಂದರಿನ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್. ನಮ್ಮ ಮನೆಯಲ್ಲಿ ಮೀನಿಲ್ಲದ ಊಟವೆಂದರೆ ಯಾರಿಗೋ ಜ್ವರ ಬಂದಿದೆ ಎಂದರ್ಥ. ಓದಲು ಕೆನಡಾಕ್ಕೆ ಬಂದಾಗ ರೆಕ್ಸ್‌ಡೇಲ್‌ನಲ್ಲಿ ಒಂದು ಬೇಸ್‌ಮೆಂಟು ಸಿಕ್ಕಿತು. ಮೇಲೆ ಇದ್ದ ಮನೆಯೊಡತಿ ಕೀಲಿ ಕೊಡುವಾಗಲೇ ಹಿಂದಿಯಲ್ಲಿ ಹೇಳಿದ್ದಳು, ಮೀನು ಬೇಡ, ವಾಸನೆ ಮೇಲೆ ಬರುತ್ತದೆ ಎಂದು. ಎರಡು ವರ್ಷ ಮೊಟ್ಟೆ ಬೇಯಿಸಿಕೊಂಡು ಬದುಕಿದೆ. ಆಮೇಲೆ ಕೆಲಸ ಸಿಕ್ಕಿತು. ಆಫೀಸಿನಲ್ಲೇ ಬೆಂಗಳೂರಿನ ಹುಡುಗನೊಬ್ಬ ಇಷ್ಟವಾದ. ಮದುವೆಯ ಮಾತು ಬಂದಾಗ ಅವನು ಒಂದೇ ಒಂದು ಷರತ್ತು ಹಾಕಿದ, ಅದೂ ತನ್ನ ಅಮ್ಮನ ಪರವಾಗಿ: "ಮನೇಲಿ ಮಾತ್ರ ಬೇಡ. ಹೊರಗೆ ನಿನ್ನಿಷ್ಟ."

ಆಗ ಅದು ಬಹಳ ದೊಡ್ಡ ಮನಸ್ಸಿನ ಮಾತು ಎನ್ನಿಸಿತ್ತು. ನಾಲ್ಕೈದು ವರ್ಷ ಕಳೆದ ಮೇಲೆ ತಿಳಿಯಿತು, ನನಗೆ ಹೊರಗೆ ಎನ್ನುವ ಜಾಗವೇ ಇಲ್ಲ. ಗೆಳೆಯರೆಲ್ಲ ಅವನ ಕಡೆಯವರು. ಹೋಟೆಲಿಗೆ ಹೋದರೆ ಎಲ್ಲರೂ ಸಸ್ಯಾಹಾರಿ, ನಾನೊಬ್ಬಳು ಮೀನು ತರಿಸಿದರೆ ಟೇಬಲ್ಲಿನ ತಟ್ಟೆಗಳೆಲ್ಲ ಮೆಲ್ಲಗೆ ಅರ್ಧ ಅಡಿ ದೂರ ಸರಿಯುತ್ತಿದ್ದವು. ಹಾಗಾಗಿ ನಾನು ಕಾರಿನಲ್ಲಿ ತಿನ್ನತೊಡಗಿದೆ. ತಿಂಗಳಿಗೆ ಒಂದೆರಡು ಸಲ ಆಫೀಸು ಮುಗಿಸಿ ಮೀನು ಕಟ್ಟಿಸಿಕೊಂಡು ಲೇಕ್ ದಡದ ಪಾರ್ಕಿಂಗಿಗೆ ಹೋಗುತ್ತಿದ್ದೆ. ಡಿಕ್ಕಿಯಲ್ಲಿ ಅದಕ್ಕೆಂದೇ ಒಂದು ಹಳೆಯ ಜಾಕೆಟ್. ಜನವರಿಯಲ್ಲೂ ನಾಲ್ಕೂ ಕಿಟಕಿ ಇಳಿಸಿಕೊಂಡು, ಗ್ಲೌಸು ತೆಗೆದು, ಬೆರಳು ಮರಗಟ್ಟುವ ಮೊದಲೇ ತಿಂದು ಮುಗಿಸಬೇಕು. ಮಗಳು ಚಿಕ್ಕವಳಿದ್ದಾಗ ಒಂದು ದಿನ ನನ್ನ ಕೈ ಮೂಸಿ ಇದೇನು ಸ್ಮೆಲ್ ಎಂದು ಕೇಳಿದಳು. ಆಫೀಸಿನ ಸೋಪು ಎಂದೆ. ಆ ಸುಳ್ಳು ಮಾತ್ರ ನನಗೆ ಜೀರ್ಣವಾಗಲಿಲ್ಲ.

ಹಳೇ ಪೇಟೆಯ ಗಲ್ಲಿಗಳು ಕಿರಿದಾಗಿದ್ದವು. ಎರಡೂ ಬದಿಗೆ ಬಾರುಗಳು. ಬಾರು ಎಂದರೆ ಕತ್ತಲೆಯ ಕೋಣೆ ಎಂದುಕೊಂಡಿದ್ದೆ. ಇಲ್ಲಿ ಅಜ್ಜಿಯಂದಿರು ಮೊಮ್ಮಕ್ಕಳ ಕೈ ಹಿಡಿದು ಒಳಗೆ ಬರುತ್ತಿದ್ದರು. ಉದ್ದದ ಕಟ್ಟೆಯ ಮೇಲೆ ತಟ್ಟೆಗಳ ಸಾಲು. ಪ್ರತಿ ತಟ್ಟೆಯಲ್ಲೂ ಬ್ರೆಡ್ಡಿನ ಸಣ್ಣ ತುಂಡುಗಳು, ಅವುಗಳ ಮೇಲೆ ಏನೇನೋ ಕಟ್ಟಿ ನಿಲ್ಲಿಸಿ ಹಲ್ಲುಕಡ್ಡಿ ಚುಚ್ಚಿದ್ದರು. ಪಿಂಚೊ ಎನ್ನುತ್ತಾರೆ. ಒಂದು ತುತ್ತು, ಹೆಚ್ಚೆಂದರೆ ಎರಡು. ನಿಂತೇ ತಿನ್ನಬೇಕು, ತಿಂದು ಪಕ್ಕದ ಬಾರಿಗೆ ನಡೆಯಬೇಕು. ಇಡೀ ಊರೇ ಹಾಗೆ ನಡೆದಾಡಿಕೊಂಡು ತಿನ್ನುತ್ತದೆ.

ಮೊದಲ ಬಾರಿನಲ್ಲಿ ಹೇಗೆ ಕೇಳುವುದೆಂದು ಗೊತ್ತಾಗದೆ ಬೆರಳು ತೋರಿಸಿದೆ. ಒಂದು ಕಡ್ಡಿಗೆ ಆಲಿವ್ ಕಾಯಿ, ಉಪ್ಪಿನಲ್ಲಿ ಹಾಕಿದ ಸಣ್ಣ ಮೀನು, ಹುಳಿಯಲ್ಲಿ ನೆನೆಸಿದ ಎಳೇ ಮೆಣಸಿನಕಾಯಿ, ಮೂರನ್ನೂ ಒತ್ತೊತ್ತಾಗಿ ಪೋಣಿಸಿದ್ದರು. ಕಟ್ಟೆಯ ಹಿಂದಿದ್ದ ದಪ್ಪ ತೋಳಿನ ಹೆಂಗಸು, ಒಂದೇ ಸಲಕ್ಕೆ ಬಾಯಿಗೆ ಹಾಕಿಕೋ ಎಂದು ಕೈಸನ್ನೆ ಮಾಡಿದಳು. ಹಾಕಿಕೊಂಡೆ. ಉಪ್ಪು, ಹುಳಿ, ಖಾರ, ಎಣ್ಣೆ ಎಲ್ಲ ಒಟ್ಟಿಗೆ ಮೂಗಿಗೇರಿತು. ಕಣ್ಣಲ್ಲಿ ನೀರು ಬಂತು. ಅದು ಮೆಣಸಿನಕಾಯಿಯದೇ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ಆ ಹೆಂಗಸು ನಕ್ಕು ಇನ್ನೊಂದು ಕೊಟ್ಟಳು.

ಎರಡನೆಯ ಬಾರಿನಲ್ಲಿ ಹೆಂಚಿನ ಮೇಲೆ ಸುಟ್ಟ ಬೊಂಡಾಸ್ ತಿನ್ನುತ್ತಿದ್ದೆ. ನಮ್ಮ ಕಡೆ ಸ್ಕ್ವಿಡ್ಡಿಗೆ ಬೊಂಡಾಸ್ ಎನ್ನುತ್ತೇವೆ. ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಹದಿನಾರು ವರ್ಷದ ನನ್ನ ಮಗಳು. ಫೋನಿನಲ್ಲಿ ನನ್ನ ಲೊಕೇಶನ್ ನೋಡಿಕೊಂಡು ಹಿಂಬಾಲಿಸಿ ಬಂದಿದ್ದಳು.

"ಅಮ್ಮಾ, ವಾಟ್ ಈಸ್ ದಟ್?"

ಇಪ್ಪತ್ತು ವರ್ಷದ ಅಭ್ಯಾಸ. ತಟ್ಟೆಯನ್ನು ಬೆನ್ನ ಹಿಂದೆ ಸರಿಸಲು ಕೈ ತಾನಾಗಿಯೇ ಹೊರಟಿತು. ಅಲ್ಲೇ ತಡೆದೆ. ತಟ್ಟೆಯನ್ನು ಅವಳ ಮುಂದೆಯೇ ಇಟ್ಟೆ.

"ಬೊಂಡಾಸ್. ನಾನು ತಿಂತೀನಿ. ನೀನು ಹುಟ್ಟೋಕೆ ಮುಂಚೆಯಿಂದಾನೂ ತಿಂತಾ ಇದ್ದೀನಿ. ಆಫೀಸಿನ ಸೋಪು ಅಂತ ನಿನಗೆ ಸುಳ್ಳು ಹೇಳಿದ್ದೆ."

ಅವಳು ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, "ಐ ಹ್ಯಾವ್ ಫಿಶ್ ಟಾಕೋಸ್ ಎವ್ರಿ ಫ್ರೈಡೇ," ಎಂದಳು. "ಸಿನ್ಸ್ ಗ್ರೇಡ್ ನೈನ್. ನಿಂಗೆ ಹರ್ಟ್ ಆಗತ್ತೆ ಅಂತ ಹೇಳ್ಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಪಕ್ಕದವರೆಲ್ಲ ತಿರುಗಿ ನೋಡುವಷ್ಟು ನಕ್ಕೆ. ನನಗೆ ನೋವಾಗಬಾರದೆಂದು ಅವಳು, ಅವಳಿಗೆ ಗೊತ್ತಾಗಬಾರದೆಂದು ನಾನು. ಒಂದೇ ಮನೆಯಲ್ಲಿ ಇಬ್ಬರು ಕಳ್ಳಿಯರು, ಒಬ್ಬರಿಗೊಬ್ಬರು ತಿಳಿಯದಂತೆ ಬಾಯಿ ತೊಳೆದುಕೊಂಡು ಓಡಾಡುತ್ತಿದ್ದೆವು. ನಗು ಮುಗಿದ ಮೇಲೆ ಸಿಟ್ಟು ಬಂತು. ಅವಳ ಮೇಲಲ್ಲ. ಮುಚ್ಚಿಡುವುದನ್ನು ನನ್ನ ಮಗಳಿಗೆ ಯಾರೂ ಕಲಿಸಿರಲಿಲ್ಲ. ನಮ್ಮ ಮನೆಯ ಗಾಳಿಯಲ್ಲೇ ಅದಿತ್ತು, ಉಸಿರಾಡಿ ಕಲಿತಿದ್ದಳು.

ಆಮೇಲೆ ನಾವಿಬ್ಬರೂ ಬೀದಿ ಬಿಡಲಿಲ್ಲ. ಏಡಿಯ ಮಾಂಸ ತುಂಬಿದ ಪುಟ್ಟ ಕಡುಬಿನಂಥದ್ದು ತಿಂದೆವು. ಉಪ್ಪು ಹಾಕಿ ಒಣಗಿಸಿ ಮತ್ತೆ ನೆನೆಸಿ ಬೇಯಿಸಿದ ಕಾಡ್ ಮೀನು ತಿಂದೆವು. ಅದರ ವಾಸನೆಗೆ ನಮ್ಮಮ್ಮ ಮಳೆಗಾಲಕ್ಕೆಂದು ಡಬ್ಬಿಯಲ್ಲಿ ಇಡುತ್ತಿದ್ದ ಒಣಮೀನು ನೆನಪಾಗಿ ಮಗಳಿಗೆ ಹೇಳಿದೆ. ಅಜ್ಜಿಯ ಮನೆಯ ಬಗ್ಗೆ ಅವಳು ನನ್ನನ್ನು ಅಷ್ಟೊಂದು ಪ್ರಶ್ನೆ ಕೇಳಿದ್ದು ಅದೇ ಮೊದಲು. ಹೇಕ್ ಎನ್ನುವ ಮೀನಿನ ಗಂಟಲಿನ ಭಾಗವನ್ನು ಬೆಳ್ಳುಳ್ಳಿಯ ಎಣ್ಣೆಯಲ್ಲಿ ಹಾಕಿ, ಎಣ್ಣೆ ಗಟ್ಟಿಯಾಗುವವರೆಗೆ ಅಲುಗಾಡಿಸಿ ಅಲುಗಾಡಿಸಿ ಕೊಟ್ಟರು. ಅದು ಅವಳಿಗೆ ಸೇರಲಿಲ್ಲ. ಅವಳ ಪಾಲನ್ನೂ ನಾನೇ ತಿಂದೆ. ನಾನು ಒಂದು ಲೋಟ ಅಲ್ಲಿಯ ವೈನನ್ನೂ ಕುಡಿದೆ. ಬಾಟಲಿಯನ್ನು ತಲೆಯ ಮೇಲೆತ್ತಿ ತೆಳ್ಳಗೆ ಸುರಿದು ಕೊಡುತ್ತಾರೆ.

ಮೂರೂವರೆಯ ಹೊತ್ತಿಗೆ ಬಾರುಗಳು ಬಾಗಿಲು ಹಾಕತೊಡಗಿದವು, ಇನ್ನು ತೆರೆಯುವುದು ಸಂಜೆಗೆ. ನಾವು ಕಡಲ ಬದಿಯ ಕಟ್ಟೆಯ ಮೇಲೆ ಕುಳಿತೆವು. ಊಟ ನಿದ್ದೆ ಎರಡೂ ಮುಗಿಸಿದ ನಮ್ಮ ಗುಂಪು ಅದೇ ದಾರಿಯಲ್ಲಿ ಬಂತು. ನಮ್ಮನ್ನು ನೋಡಿ ಅಕ್ಕ ನಿಂತರು. ಮಗಳ ಅಂಗಿಯ ಮೇಲೆ ಎಣ್ಣೆಯ ಕಲೆ ಇತ್ತು.

"ಮಗೂಗೂ ತಿನ್ನಿಸಿದ್ಯೇನೇ?"

"ನಾನು ತಿನ್ನಿಸಲಿಲ್ಲ ಅಕ್ಕ. ಅವಳೇ ತಿಂದಳು."

"ಅಲ್ಲ ಕಣೇ, ನಿನ್ನ ಗಂಡನ ಮನೆತನ ಅಂತ ಒಂದಿರತ್ತಲ್ವೇ? ನೀನು ಹೇಗಾದ್ರೂ ಇರು. ಆ ಮಗು..."

ಇಷ್ಟು ವರ್ಷ ನಾನು ಈ ಗುಂಪಿನಲ್ಲಿ ಬೆಂಗಳೂರಿನ ಕನ್ನಡವನ್ನೇ ಆಡಿಕೊಂಡು ಬಂದಿದ್ದೆ. ಆ ಕ್ಷಣ ಅದು ಎಲ್ಲಿ ಹೋಯಿತೋ.

"ಅವಳಿಗೆ ನನ್ನ ಮನೆತನವೂ ಉಂಟು ಅಕ್ಕ. ನನ್ನ ಅಪ್ಪ ಅಮ್ಮ ಮೀನು ತಿಂದೇ ನನ್ನನ್ನು ಸಾಕಿದ್ದು. ಅದರಲ್ಲಿ ನಾಚಿಕೆ ಎಂತದು? ನಿಮ್ಮ ಬಿಸಿಬೇಳೆಬಾತ್ ನಾನು ಇಪ್ಪತ್ತು ವರ್ಷ ಉಂಡಿದ್ದೇನೆ, ಒಂದು ದಿನವೂ ಮೂಗು ಮುಚ್ಚಲಿಲ್ಲ. ನನ್ನ ತಟ್ಟೆ ನೋಡಿ ಇನ್ನು ನೀವೂ ಮುಚ್ಚಬೇಡಿ."

ಅಕ್ಕನ ಮುಖ ಕೆಂಪಾಯಿತು. "ಸರಿಯಮ್ಮ," ಎಂದು ಮುಂದೆ ನಡೆದರು. ಅವರು ಕೆಟ್ಟವರಲ್ಲ. ನನ್ನ ಹೆರಿಗೆಯಾದಾಗ ನಲವತ್ತು ದಿನ ಮೆಣಸಿನ ಸಾರು ಮಾಡಿ ತಂದುಕೊಟ್ಟವರು. ಅದನ್ನು ನಾನು ಮರೆತಿಲ್ಲ. ಆದರೆ ಆ ಸಾರಿಗೆ ಪ್ರತಿಯಾಗಿ ಜೀವನಪೂರ್ತಿ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ನಾನು ಬರೆದುಕೊಟ್ಟಿರಲಿಲ್ಲ.

ಗಂಡ ಮಾತ್ರ ಹಿಂದೆ ಉಳಿದ. "ಸಂಜೆ ಮತ್ತೆ ಹೋಗ್ತೀಯಾ?"

"ಹೋಗ್ತೇನೆ."

"ನಾನೂ ಬರ್ಲಾ?"

ಮಗಳು ಬೆಟ್ಟಕ್ಕೆ ಹೋದಳು. ನಾವಿಬ್ಬರು ಸೇತುವೆ ದಾಟಿ ಆಚೆ ದಡದ ಬೀದಿಗೆ ಹೋದೆವು. ಅಲ್ಲಿ ಸಂಜೆ ಏಳಕ್ಕೆ ತಟ್ಟೆಗಳು ಮತ್ತೆ ಸಾಲುಗಟ್ಟಿದ್ದವು. ಅವನಿಗೆ ಹುರಿದ ಹಸಿಮೆಣಸಿನಕಾಯಿಯೂ ಅಣಬೆಯೂ ಸಿಕ್ಕಿದವು. ಅದನ್ನು ತಿನ್ನುತ್ತಾ ನನ್ನ ಪಕ್ಕದಲ್ಲೇ ನಿಂತ. ನಾನು ವಿನೆಗರಿನಲ್ಲಿ ಹಾಕಿದ ಬೆಳ್ಳನೆಯ ಮೀನನ್ನು ಬ್ರೆಡ್ಡಿನ ಸಮೇತ ಕಚ್ಚಿದೆ. ಅವನು ದೂರ ಸರಿಯಲಿಲ್ಲ. ಒಂದು ಹಂತದಲ್ಲಿ, ನಾನು ಕೈ ಒರೆಸಿಕೊಳ್ಳಲೆಂದು, ನನ್ನ ತಟ್ಟೆಯನ್ನೂ ಹಿಡಿದುಕೊಂಡ. ಮನಸ್ಸು ಮೆತ್ತಗಾಗುತ್ತಿತ್ತು.

"ನಿನಗೊಂದು ವಿಷಯ ಹೇಳಬೇಕು," ಎಂದೆ. "ನಾನು ಕಾರಲ್ಲಿ ಕೂತು ತಿಂತಿದ್ದೆ. ಲೇಕ್ ಹತ್ರ."

"ಗೊತ್ತು," ಎಂದ.

"ಗೊತ್ತು ಅಂದ್ರೆ?"

"ಸ್ಮೆಲ್ ಬರ್ತಿತ್ತಲ್ಲ ಕಾರಲ್ಲಿ. ಡಿಕ್ಕೀಲಿ ಜಾಕೆಟ್ ಕೂಡ ನೋಡಿದ್ದೆ. ಹೇಳಿದ್ರೆ ನಿಂಗೆ ಒಂಥರಾ ಆಗತ್ತೆ ಅಂತ ಸುಮ್ನಿದ್ದೆ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ನಾನು ಮೆಚ್ಚುತ್ತೇನೆ ಎಂದೂ ಅಂದುಕೊಂಡಿದ್ದ ಅನ್ನಿಸುತ್ತದೆ.

"ಗೊತ್ತಿದ್ದೂ ಸುಮ್ಮನಿದ್ದೆಯಾ? ಜನವರಿಯಲ್ಲಿ ಕಿಟಕಿ ಇಳಿಸಿಕೊಂಡು ತಿಂತಿದ್ದೆ ಮಾರಾಯ, ಬೆರಳು ನೀಲಿ ಆಗ್ತಿತ್ತು. ನೀನು ಬೆಚ್ಚಗೆ ಮನೆಯಲ್ಲಿ ಕೂತು, ಪಾಪ ಅವಳು ತಿನ್ನಲಿ ಅಂತ ಅಂದ್ಕೊಳ್ತಿದ್ದೆಯಾ? ಒಂದು ಸಲ, ಒಂದೇ ಒಂದು ಸಲ, ಒಳಗೆ ಬಾ ಅನ್ನಬಹುದಿತ್ತಲ್ಲ?"

ಅವನ ಕೈಯಲ್ಲಿ ನನ್ನ ತಟ್ಟೆ ಹಾಗೆಯೇ ಇತ್ತು. "ಅಮ್ಮಂಗೆ ಮಾತು ಕೊಟ್ಟಿದ್ದೆ," ಎಂದ.

"ಮಾತು ಕೊಟ್ಟವನು ನೀನು. ಚಳಿಯಲ್ಲಿ ಕೂತವಳು ನಾನು."

ತಟ್ಟೆ ಇಸಿದುಕೊಂಡು ಉಳಿದದ್ದನ್ನು ತಿಂದು ಮುಗಿಸಿದೆ. ಸಿಟ್ಟಿನಲ್ಲೂ ಅದು ರುಚಿಯಾಗಿಯೇ ಇತ್ತು. ಆಮೇಲೆ ಅವನಿಗೆ ಸ್ಪಷ್ಟವಾಗಿ ಹೇಳಿದೆ: ಮನೆಗೆ ಹೋದ ಮೇಲೆ ನನ್ನ ಅಡುಗೆಮನೆಯಲ್ಲಿ ಮೀನು ಮಾಡುತ್ತೇನೆ, ನೀನು ತಿನ್ನಬೇಕಿಲ್ಲ, ನನ್ನನ್ನು ತಡೆಯಲೂಬೇಕಿಲ್ಲ.

"ಅಕ್ಟೋಬರಲ್ಲಿ ಅಮ್ಮ ಬರ್ತಾಳೆ."

"ಬರಲಿ. ಅವರಿಗೆ ಬೇರೆ ಪಾತ್ರೆ ಇಡುತ್ತೇನೆ."

ಮೆಡೋವೇಲ್‌ಗೆ ಮರಳಿದ ಮೊದಲ ಶನಿವಾರ ಬಂಗುಡೆ ಮೀನು ತಂದೆ. ಶುಚಿ ಮಾಡುವುದು ಮರೆತೇ ಹೋಗಿರಬಹುದೆಂದು ಹೆದರಿದ್ದೆ, ಕೈ ಮರೆತಿರಲಿಲ್ಲ. ಮೆಣಸು, ಹುಣಸೆಹುಳಿ ಅರೆದು ಮೆತ್ತಿ ಕಾವಲಿಗೆ ಹಾಕಿದೆ. ಹೊಗೆಗೆ ಅಲಾರಾಂ ಹೊಡೆದುಕೊಂಡಿತು. ಮಗಳು ಟವೆಲ್ ಬೀಸುತ್ತಾ ಕುರ್ಚಿಯ ಮೇಲೆ ನಿಂತಳು. ಗಂಡ ಹಿತ್ತಲಿನ ಬಾಗಿಲು ತೆರೆದಿಟ್ಟ, ಆದರೆ ತಾನು ಹೊರಗೆ ಹೋಗಲಿಲ್ಲ; ಮೊಸರನ್ನ ಬಡಿಸಿಕೊಂಡು ನಮ್ಮ ಜೊತೆಯೇ ಟೇಬಲ್ಲಿಗೆ ಕುಳಿತ. ಮುಳ್ಳು ಬಿಡಿಸುವುದನ್ನು ಮಗಳಿಗೆ ತೋರಿಸಿಕೊಟ್ಟೆ.

ಅಕ್ಕನ ಮನೆಯಿಂದ ಈಗ ಕರೆ ಕಡಿಮೆ. ಬಂದರೂ, "ನೀನು ಅಡುಗೆ ತರೋದೇನೂ ಬೇಡ, ಬರೀ ಪೇಪರ್ ಪ್ಲೇಟ್ ತಗೊಂಡ್ಬಾ" ಎನ್ನುತ್ತಾರೆ. ಹೋಗುತ್ತೇನೆ, ಪೇಪರ್ ಪ್ಲೇಟಿನ ಜೊತೆಗೆ ನನ್ನ ಕೈಯ ಪಾಯಸವನ್ನೂ ಒಯ್ಯುತ್ತೇನೆ. ಯಾರು ತಿಂದರು, ಯಾರು ಬಿಟ್ಟರು ಎಂದು ನೋಡುತ್ತಾ ನಿಲ್ಲುವುದಿಲ್ಲ.

ಅಕ್ಟೋಬರಿನಲ್ಲಿ ಅತ್ತೆ ಬಂದರು. ಗಂಡ ಏರ್‌ಪೋರ್ಟಿನ ದಾರಿಯಲ್ಲೇ ಹೇಳಿಬಿಟ್ಟಿದ್ದನಂತೆ. ಆ ಧೈರ್ಯವನ್ನಾದರೂ ಅವನು ಮಾಡಿದ. ಅವರಿಗೆ ಹೊಸ ಪಾತ್ರೆಗಳನ್ನೂ ಅಡುಗೆಮನೆಯಲ್ಲಿ ಒಂದು ಪೂರ್ತಿ ಬದಿಯನ್ನೂ ಬಿಟ್ಟುಕೊಟ್ಟೆ. ಮೊದಲ ಶನಿವಾರ ಅವರು ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಬರಲಿಲ್ಲ. ಎರಡನೆಯದಕ್ಕೂ ಹಾಗೆಯೇ. ನಾನು ಕ್ಷಮೆ ಕೇಳಲಿಲ್ಲ, ಕಾವಲಿಯನ್ನು ಇಳಿಸಲೂ ಇಲ್ಲ. ಮೂರನೆಯ ಶನಿವಾರ ನಾನು ಫೋನಿನಲ್ಲಿ ಮಾತಾಡುತ್ತಾ ಮೈಮರೆತಿದ್ದೆ. ಹಜಾರದಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅತ್ತೆ, ತಲೆ ಎತ್ತದೆ, ಮೀನು ಎಂಬ ಪದವನ್ನೂ ಬಾಯಿಗೆ ತಾರದೆ, ಗಟ್ಟಿಯಾಗಿ ಹೇಳಿದರು:

"ಅಲ್ಲಿ ಒಲೆ ಮೇಲೆ ನಿಂದು ಅದೇನೋ ಸೀಯ್ತಾ ಇದೆ, ಮಗುಚಿ ಹಾಕು."