ತುಟಿ ಸವೆದ ಮಗ್ಗು

ಹೊಸದನ್ನು ಹಳತು ಮಾಡುವುದೇ ಅವನ ಕಸುಬು. ಕಾರ್ಖಾನೆಯಿಂದ ಥಳಥಳ ಹೊಳೆಯುತ್ತ ಬಂದ ಬಿಳಿ ತಗಡಿನ ಮಗ್ಗುಗಳ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಅಲ್ಲಲ್ಲಿ ಬಣ್ಣದ ಚಕ್ಕೆ ಎಬ್ಬಿಸಿ, ತಳಕ್ಕೆ ಟೀ ಕಲೆ ಕೂರಿಸಬೇಕು. ತೀರಿಹೋದ ದೊಡ್ಡ ಗಾಯಕರೊಬ್ಬರು ಹಾಡಿನ ನಡುನಡುವೆ ಗುಟುಕರಿಸುತ್ತಿದ್ದ ಮಗ್ಗು ಹಾಗೇ ಇತ್ತಂತೆ. ಜೊತೆಯವರು ಅವನನ್ನು ಮುಪ್ಪಿನ ಮೇಸ್ತ್ರಿ ಎಂದು ಕರೆದರೆ ಅವನಿಗೆ ಒಳಗೊಳಗೇ ಹೆಮ್ಮೆ. ಮನೆಯಲ್ಲಿ ಮಾತ್ರ, ಪಾತ್ರೆ ಕಾರ್ಖಾನೆಯ ಕೆಲಸ ಎಂದಷ್ಟೇ ಹೇಳಿದ್ದ.

ಟಿವಿಯಲ್ಲಿ ಬೇರೆಯೇ ರಾಗ. "ಕೆಲವೇ ಅದೃಷ್ಟವಂತರಿಗೆ! ಆ ಮಹಾನ್ ಗಾಯಕರ ತುಟಿಯ ಸ್ಪರ್ಶ ನಿಮ್ಮ ಮನೆಗೆ!" ಎಂದು ಕೋಟು ತೊಟ್ಟವನೊಬ್ಬ ಗಂಟಲು ಹರಿದುಕೊಳ್ಳುತ್ತಿದ್ದ. ಆ ಕೆಲವೇ ಅದೃಷ್ಟವಂತರಿಗಾಗಿ ಗೋಡೌನಿನಲ್ಲಿ ಪೆಟ್ಟಿಗೆಗಳು ಸೂರು ಮುಟ್ಟಿದ್ದವು. ಅದು ಬರೀ ಪ್ರತಿರೂಪ ಎಂಬ ಮಾತು ಪೆಟ್ಟಿಗೆಯ ತಳದಲ್ಲಿತ್ತು, ಇರುವೆ ಓದಿಕೊಳ್ಳುವಷ್ಟು ಸಣ್ಣ ಅಕ್ಷರದಲ್ಲಿ.

ಮಾವ ತೀರಿಕೊಂಡ ಮೇಲೆ ಅತ್ತೆ ಇವರ ಮನೆಗೇ ಬಂದಿದ್ದರು. ಮಾತಿಲ್ಲ, ನಗುವಿಲ್ಲ, ಊಟಕ್ಕೂ ಕರೆಯಬೇಕು. ಒಂದು ಸಂಜೆ ಮೇಸ್ತ್ರಿ ಮನೆಗೆ ಬಂದರೆ ಅತ್ತೆ ಸೋಫಾದ ಮೂಲೆಯಲ್ಲಿ ಅದೇ ಮಗ್ಗು ಹಿಡಿದು ಕೂತಿದ್ದಾರೆ!

"ಫೋನ್ ಮಾಡಿ ತರಿಸ್ಕೊಂಡೆ, ಅಳಿಯಂದ್ರೇ. ಹೆಂಗಿದೆ?"

ಎಷ್ಟೋ ತಿಂಗಳ ಮೇಲೆ ಆ ಮುಖಕ್ಕೆ ಕಳೆ ಬಂದಿತ್ತು. ಆದರೆ ಮೇಸ್ತ್ರಿಯ ಕಣ್ಣು ಮಗ್ಗಿನ ಅಂಚಿಗೆ ಹೋಯಿತು. ಅತ್ತೆ ಮಗ್ಗನ್ನು ಬಲಗೈಯಲ್ಲಿ ಹಿಡಿದಿದ್ದರು. ಸವೆದ ಅಂಚು ತುಟಿಯ ಕಡೆ ಇರಲಿಲ್ಲ, ಆಚೆ ಬದಿಗಿತ್ತು. ಅವನು ಎಡಚ. ಪ್ರತಿ ಮಗ್ಗನ್ನೂ ಎಡಗೈಯಲ್ಲಿ ಹಿಡಿದು, ತನ್ನ ಬಾಯಿಗೇ ಅಳತೆ ನೋಡಿ ಸವೆಸಿದ್ದ. ಗಾಯಕರು ಕುಡಿಯುತ್ತಿದ್ದದ್ದು ಬಲಗೈಯಲ್ಲಿ. ಅವರು ಯಾವ ಹಾಡಿನ ಮಧ್ಯೆ ಕೆಮ್ಮಿದ್ದರೆಂದು ಕೂಡ ಹೇಳಬಲ್ಲ ಅತ್ತೆಗೆ ಇದು ಇಂದಲ್ಲ ನಾಳೆ ಗೊತ್ತಾಗದೆ ಇರುತ್ತದೆಯೇ? ಬಂದ ಕಳೆ ಮತ್ತೆ ಹೊರಟುಹೋಗುತ್ತದೆ. ಪಾಪ, ಒಬ್ಬರೇ ಕೂತು ಮೋಸ ಹೋದೆನೆಂದು ಕೊರಗುವುದಕ್ಕಿಂತ ತಾನೇ ಬಾಯಿಬಿಡುವುದು ವಾಸಿ ಎನಿಸಿತು.

"ಬೈಬೇಡಿ ಅತ್ತೆ. ಅದು ಅವರು ಕುಡಿದ ಮಗ್ಗಲ್ಲ. ಸವೆಸಿದ್ದು ನಾನು. ಅದೂ ಉಲ್ಟಾ ಸವೆಸಿಬಿಟ್ಟಿದೀನಿ."

ಅತ್ತೆ ಮಗ್ಗನ್ನು ತಿರುಗಿಸಿ ನೋಡಿ ನಕ್ಕುಬಿಟ್ಟರು. "ಅವರದ್ದಲ್ಲ ಅಂತ ಗೊತ್ತಿಲ್ವಾ ನಂಗೆ? ಊರಿಗೆಲ್ಲ ಹಂಚೋಕೆ ಅವರಿಗೇನು ಅಷ್ಟೊಂದು ಬಾಯಿ ಇತ್ತಾ?"

"ಮತ್ತೆ ಗೊತ್ತಿದ್ದೂ ಯಾಕೆ ತರಿಸಿದ್ರಿ?"

ಅತ್ತೆ ಮಗ್ಗನ್ನು ಮಡಿಲಿಗೆ ಇಳಿಸಿಕೊಂಡರು. "ಅವರ ಹಾಡು ಕೇಳುವಾಗ ಕೈಯಲ್ಲಿ ಏನಾದ್ರೂ ಇರ್ಬೇಕು ನಂಗೆ. ಇಷ್ಟು ವರ್ಷ ನಿಮ್ಮ ಮಾವನ ಕೈ ಇತ್ತು."

ಮೇಸ್ತ್ರಿ ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದು ಅಮ್ಮನ ಪಕ್ಕದಲ್ಲಿ ಕೂರಿಸಿ, ತಾನೇ ಹಾಡು ಹಾಕಿದ. ಅತ್ತೆ ಮಗ್ಗನ್ನೇನೂ ಬಿಡಲಿಲ್ಲ. ಒಂದು ಕೈಯಲ್ಲಿ ಅದನ್ನು ಹಿಡಿದೇ, ಇನ್ನೊಂದು ಕೈಯಲ್ಲಿ ಮಗಳ ಕೈ ಹಿಡಿದುಕೊಂಡರು.